ಅತ್ತೆಯ ತಲೆ

ಮೂಗು ಬಿದ್ದದ್ದು ಮಧ್ಯಾಹ್ನ ಹನ್ನೆರಡೂಕಾಲಿಗೆ. ಸೊಸೆ ಅಂಗಡಿಯಿಂದ ಬಂದು ಗೇಟು ತೆಗೆಯುವುದಕ್ಕೂ, ಹಿತ್ತಲ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಅತ್ತೆಯ ತಲೆಯಿಂದ ಮೂಗು ಕಳಚಿ ನೆಲಕ್ಕುರುಳುವುದಕ್ಕೂ ಸರಿಹೋಯಿತು. ನಿಜವಾದ ಅತ್ತೆ, ಮೂಗಿನ ಸಮೇತ, ಪಕ್ಕದಲ್ಲೇ ನಿಂತು ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದರು.

ಮೂರು ತಿಂಗಳಿಂದ ಸೊಸೆ ಆ ತಲೆಯನ್ನು ಹಸಿಮಣ್ಣಿನಲ್ಲಿ ಮಾಡುತ್ತಿದ್ದಳು. ಒಣಗದಂತೆ ದಿನವೂ ಒದ್ದೆ ಬಟ್ಟೆ ಸುತ್ತಿಡುತ್ತಿದ್ದಳು. ಶನಿವಾರ ಕಲಾಪ್ರದರ್ಶನಕ್ಕೆ ಶಿಲ್ಪಗಳನ್ನು ಆರಿಸುವವರು ಮನೆಗೇ ಬಂದು ನೋಡುವವರಿದ್ದರು. ಅವಳ ಕೆಲಸವನ್ನು ಹೊರಗಿನವರು ನೋಡುವುದು ಇದೇ ಮೊದಲು. ಇವತ್ತು ಬುಧವಾರ.

"ಏನತ್ತೆ ಇದು?"

"ಆ ಬಟ್ಟೆ ಗಬ್ಬು ನಾರ್ತಿತ್ತು ಕಣೇ. ದೊಡ್ಡೋರು ಬಂದಾಗ ನನ್ನ ಮುಖ ಆ ಮಸಿಬಟ್ಟೇಲಿ ಇರೋದಾ? ಒಗೆದು ಹಾಕಿದೆ. ಅದು ಒಣಗೋವರೆಗೂ ತಲೆ ಸ್ವಲ್ಪ ಬೆಚ್ಚಗಿರ್ಲಿ ಅಂತ ಇಲ್ಲಿಟ್ಟೆ."

ತಲೆ ಬೆಚ್ಚಗೇ ಇತ್ತು. ಹಣೆಯಿಂದ ಗಲ್ಲದವರೆಗೆ ಬೆರಳು ತೂರುವಷ್ಟು ಬಿರುಕು. ಸೊಸೆ ತಲೆಯ ಮೇಲೆ ಕೈಹೊತ್ತು ಕೂತಳು, ತನ್ನದೇ ತಲೆಯ ಮೇಲೆ.

ಗಲಾಟೆಗೆ ಗಂಡ ಒಳಗಿಂದ ಬಂದ. ಅವನು ಕೃತಕ ಹಲ್ಲಿನ ಸೆಟ್ಟು ಮಾಡುವವನು. ಮುಂದಿನ ಕೋಣೆಯ ತನ್ನ ಮೇಜಿನಲ್ಲಿ ಅರ್ಧವನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದ. ಮೇಣ ಕೆತ್ತುವ ಚಿಕ್ಕ ಚಾಕುಗಳನ್ನೂ ಕೊಟ್ಟಿದ್ದ. ಮಾದರಿಯಾಗಿ ಕೂರುವ ಕೆಲಸಕ್ಕೆ ಅಮ್ಮನನ್ನು ಒಪ್ಪಿಸಿದವನೂ ಅವನೇ. ಅಮ್ಮ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಹಲ್ಲುಸೆಟ್ಟು ತೆಗೆಯುವುದಿಲ್ಲ. ಸೆಟ್ಟಿಲ್ಲದೆ ಅವರು ಬೆಕ್ಕಿನ ಮುಂದೆಯೂ ಕೂತವರಲ್ಲ. ಸೆಟ್ಟು ಹಾಕಿ ಕೂತರೆ ಮುಖ ಗುರುತಿನ ಚೀಟಿಯ ಫೋಟೋದಂತೆ ಬಿಗಿಯುತ್ತಿತ್ತು.

"ಬಾಯಿ ಯಾಕೋ ಕೂರ್ತಿಲ್ಲ ರೀ" ಎಂದು ಸೊಸೆ ವಾರಕ್ಕೊಮ್ಮೆ ಗೋಳಾಡುತ್ತಿದ್ದಳು.

"ಬಾಯಿಗೇನಾಗಿದೆ? ನನ್ನ ಕೈಯಲ್ಲಾದ ಸೆಟ್ಟುಗಳಲ್ಲೇ ಅದು ಫಸ್ಟ್ ಕ್ಲಾಸು" ಎನ್ನುತ್ತಿದ್ದ ಗಂಡ. ತನ್ನ ಕೆಲಸವೂ ಪ್ರದರ್ಶನಕ್ಕೆ ಹೋಗುತ್ತದೆಂದು ನಾಲ್ಕು ಗಿರಾಕಿಗಳಿಗೆ ಹೇಳಿಯೂ ಆಗಿತ್ತು.

ಈಗ ಅವನು ತಲೆಯನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ದೀಪ ಬಗ್ಗಿಸಿ, ಮಣ್ಣು ಕಲಸಿ ಬಿರುಕಿಗೆ ತುಂಬಿದ. "ಸ್ವಲ್ಪ ಬಾಯಿ ತೆಗೀರಿ" ಎಂದು ಅಭ್ಯಾಸಬಲದಿಂದ ಅಂದೂಬಿಟ್ಟ. ಮೂಗು ಅಂಟಿಸಿದ. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಮೂಗು ನಿಧಾನವಾಗಿ ಜಾರಿ ಗಲ್ಲದ ಮೇಲೆ ನಿಂತಿತು.

"ಬಿಡಿ ರೀ. ಒಣಗಿದ್ದಕ್ಕೆ ಹಸಿಮಣ್ಣು ಅಂಟಲ್ಲ. ಮುಂದಿನ ವರ್ಷ ನೋಡಿದ್ರಾಯ್ತು" ಎಂದಳು ಸೊಸೆ.

"ಮುಂದಿನ ವರ್ಷಕ್ಕೆ ನಾನು ಮುದುಕಿ ಆಗ್ಬಿಡ್ತೀನಿ" ಎಂದರು ಎಪ್ಪತ್ತನಾಲ್ಕರ ಅತ್ತೆ.

ಎದ್ದು ಒಳಗೆ ಹೋದವರು ಗಾಜಿನ ಲೋಟದಲ್ಲಿ ನೀರು ತಂದರು. ತನಗೇ ಇರಬೇಕೆಂದು ಸೊಸೆ ಕೈಚಾಚಿದಳು. ಅತ್ತೆ ಕೊಡಲಿಲ್ಲ. ಗೋಡೆಗೆ ಮುಖ ಮಾಡಿ ನಿಂತರು. ಲೋಟ ಟಣ್ ಅಂದಿತು. ಅದನ್ನು ಕಿಟಕಿಯಲ್ಲಿಟ್ಟು, ಒಡೆದ ತಲೆಯನ್ನು ಕುರ್ಚಿಯಿಂದ ಎತ್ತಿ ಕೆಳಗಿಳಿಸಿ, ತಾವೇ ಕೂತರು.

"ಸುರು ಹಚ್ಕೋ. ಸನಿವಾರ ಅಂದ್ರೆ ಇನ್ನೆಸ್ಟು ದಿನ ಇದೆ?"

"ಅಮ್ಮಾ, ಮತ್ತೆ ನನ್ನ ಸೆಟ್ಟು..."

"ನಿಂದು ಊರಲ್ಲಿ ಎಲ್ರ ಬಾಯಲ್ಲೂ ಇದ್ಯಲ್ಲೋ. ಹೋಗಿ ಮಣ್ಣು ಕಲಸು."

ಗಂಡ ಒಮ್ಮೆ ಲೋಟದ ಕಡೆ ನೋಡಿದ. ಆಮೇಲೆ ಬೀದಿಬಾಗಿಲಿಗೆ ಚಿಲಕ ಹಾಕಿ ಬಂದು, ಅಂಗಿಯ ತೋಳು ಮಡಿಚಿ, ಮಣ್ಣಿಗೆ ಕೈಹಾಕಿದ.

ಸೊಸೆ ನೋಡುತ್ತಲೇ ಇದ್ದಳು. ಅತ್ತೆಯ ತುಟಿಗಳು ಒಳಕ್ಕೆ ಮಡಿಚಿಕೊಂಡಿದ್ದವು, ಗಲ್ಲ ಮೂಗಿನ ಹತ್ತಿರಕ್ಕೆ ಬಂದಿತ್ತು. ಬಾಯಿಯ ಮೂಲೆಯಲ್ಲಿ, ಏನೋ ಕದ್ದು ತಿಂದವರಲ್ಲಿರುವಂಥ ಒಂದು ಮಿಣುಕು. ಅವಳು ಕೈಗೆ ಸಿಕ್ಕ ಮೊದಲ ಉಂಡೆಯನ್ನು ಹಲಗೆಗೆ ಬಡಿದು, ಈ ಸಲ ಬಾಯಿಯಿಂದಲೇ ಶುರುಮಾಡಿದಳು.

"ನಗಬೇಡಿ ಅತ್ತೆ."

"ನಾನೆಲ್ಲೇ ನಗ್ತಿದೀನಿ? ಅದು ಇರೋದೇ ಹಾಗೆ."

ಸಂಜೆಯಾಗುವ ಹೊತ್ತಿಗೆ ಗಂಡ ಹಗ್ಗದ ಮೇಲಿನ ಬಟ್ಟೆ ತಂದು, ಮತ್ತೆ ನೀರಿನಲ್ಲಿ ಅದ್ದಿ, ಹಿಂಡಿ, ಕೈಯಲ್ಲಿ ಹಿಡಿದು ನಿಂತ. ಕಿಟಕಿಯ ಬಿಸಿಲು ಲೋಟದೊಳಕ್ಕೆ ಇಳಿದಿತ್ತು. ನೀರಿನಲ್ಲಿ ಹಲ್ಲುಗಳು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು.