ಸ್ವಚ್ಛತಾ ಶುಲ್ಕ

"ಲೇ, ಒಳಗೇನು ಹೆರಿಗೆ ಆಗ್ತಿದೆಯೇನೇ? ಒಂದು ಕಕ್ಕಸಿಗೆ ಎಷ್ಟು ಹೊತ್ತು?"

ಮೇಸ್ತ್ರಿ ಬೂಟುಗಾಲಿನಿಂದ ಬಾಗಿಲಿಗೆ ಒದ್ದ. ಒಳಗೆ ಅಕ್ಕ ಮೊಣಕಾಲೂರಿ ಕೂತು, ಹಳದಿಗಟ್ಟಿದ ಬೇಸಿನ್ನಿನ ಅಂಚನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಆಸಿಡ್ಡಿನ ಹೊಗೆಗೆ ಕಣ್ಣು ಮೂಗು ಒಟ್ಟಿಗೆ ಸುರಿಯುತ್ತಿದ್ದವು.

"ಹೆರಿಗೆ ಆಗಿದ್ರೆ ನಿಮ್ಮಂಥ ಮಗ ಹುಟ್ಟಿಬಿಡೋನು ಸಾರ್. ಅದಕ್ಕೇ ಹುಷಾರಾಗಿದೀನಿ," ಅಂದಳು ಒಳಗಿನಿಂದ.

ಹೊರಗೆ ಕೈತೊಳೆಯುವ ತೊಟ್ಟಿ ಉಜ್ಜುತ್ತಿದ್ದ ಕುಳ್ಳಿ ನಗು ತಡೆಯಲಾಗದೆ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಮೇಸ್ತ್ರಿಗೆ ಅವಮಾನವಾಯಿತೋ ಇಲ್ಲವೋ ಎಂದು ತಿಳಿಯಲು ಅವನಿಗೇ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ, ಇವತ್ತು ಒಂದು ಗಂಟೆಗೆ ಬಿಡುವುದಿಲ್ಲ, ಮೆಟ್ಟಿಲು ಇನ್ನೊಮ್ಮೆ ಒರೆಸಿ ಹೋಗಬೇಕು ಎಂದು ಕೂಗಿ ಹೋದ.

ಅಕ್ಕ ಆ ಕಾಲೇಜಿನ ಕಕ್ಕಸು ತೊಳೆಯಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟರಲ್ಲಿ ಐದು ಜನ ಮೇಸ್ತ್ರಿಗಳು ಬಂದಿದ್ದರು. ಆಸಿಡ್ ಯಾವುದು, ಫಿನಾಯಿಲ್ ಯಾವುದು ಎಂದು ಐವರಿಗೂ ಹೇಳಿಕೊಟ್ಟವಳು ಅವಳೇ. ಈಗಿನವನಂತೂ ಬಂದ ಮೊದಲ ದಿನವೇ ಬ್ಲೀಚಿಂಗ್ ಪುಡಿಗೆ ಆಸಿಡ್ ಸುರಿದು, ಬಾಗಿಲು ಹಾಕಿಕೊಂಡು ಏನಾಗುತ್ತದೆ ಎಂದು ನೋಡುತ್ತಾ ನಿಂತಿದ್ದ. ವಿಷದ ಹೊಗೆಗೆ ಉರುಳಿಬಿದ್ದವನನ್ನು ಕುಳ್ಳಿ ಒಂದು ಕಾಲು, ಅಕ್ಕ ಒಂದು ಕಾಲು ಹಿಡಿದು ಎಳೆದು ಹೊರಗೆ ಹಾಕಿದ್ದಕ್ಕೆ ಬದುಕಿದ. ಬದುಕಿದ ಮಾರನೆಯ ದಿನದಿಂದಲೇ ಅವರನ್ನು 'ಲೇ' ಅನ್ನತೊಡಗಿದ.

ಹೋದ ವರ್ಷ ಹಳೆಯ ಮೇಸ್ತ್ರಿ ಬಿಟ್ಟುಹೋದಾಗ ಅಕ್ಕ ಗುತ್ತಿಗೆದಾರನ ಮುಂದೆ ನಿಂತು, ಆ ಕೆಲಸ ತನಗೇ ಕೊಡಿ ಎಂದು ಕೇಳಿದ್ದಳು. ಅವನು ನಗಲಿಲ್ಲ, ಪಾಪ, ಒಂದು ಕಾಗದ ತೋರಿಸಿದ. ಮೇಸ್ತ್ರಿ ಆಗಬೇಕಾದರೆ ಪದವಿ ಆಗಿರಬೇಕು. ಯಾವ ಪದವಿ ಆದರೂ ಸರಿ. ಈಗಿನವನದು ಸಂಗೀತ.

"ಕೊಳಲು ಊದ್ಕೊಂಡು ಕಕ್ಕಸು ತೊಳೀತಾನಾ?" ಎಂದು ಕುಳ್ಳಿ ಕೇಳಿದ್ದಳು. ಅಕ್ಕ ಅದಕ್ಕೆ ನಗಲಿಲ್ಲ. ಹನ್ನೆರಡನೆಯ ತರಗತಿಯನ್ನು ಅವಳು ಆಗಲೇ ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡಿದ್ದಳು, ಯಾರಿಗೂ ಹೇಳದೆ, ಸುಮ್ಮನೆ ಹಟಕ್ಕೆ. ಈಗ ಆ ಹಟಕ್ಕೊಂದು ದಾರಿ ಸಿಕ್ಕಿತು. ನಲವತ್ತೇಳನೆಯ ವಯಸ್ಸಿಗೆ ಅದೇ ಕಾಲೇಜಿನ ಮಧ್ಯಾಹ್ನದ ತರಗತಿಗೆ, ಚರಿತ್ರೆ ಓದಲು, ಅರ್ಜಿ ಹಾಕಿದಳು. ಬೆಳಿಗ್ಗೆ ಆರರಿಂದ ಒಂದರವರೆಗೆ ಪಾಳಿ, ಎರಡಕ್ಕೆ ಪಾಠ. ಸೀಟು ಸಿಕ್ಕಿತು. ವಿದ್ಯಾರ್ಥಿವೇತನ ಸಿಗಲಿಲ್ಲ, ಅದಕ್ಕೆ ಇಪ್ಪತ್ತೈದು ವರ್ಷದೊಳಗಿರಬೇಕಂತೆ. ಬ್ಯಾಂಕಿನವನು ಸಾಲದ ಅರ್ಜಿ ನೋಡಿ, "ಓದೋದು ಯಾರು, ಮಗನಾ ಮಗಳಾ?" ಎಂದು ಕೇಳಿ, ಅವಳೇ ಎಂದು ತಿಳಿದ ಮೇಲೆ ನೀರು ಕುಡಿಯಲು ಎದ್ದು ಹೋದವನು ವಾಪಸು ಬರಲಿಲ್ಲ. ಕೊನೆಗೆ ಉಳಿದದ್ದು ಅಕ್ಕ ಹದಿನಾಲ್ಕು ತಿಂಗಳಿಂದ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿಟ್ಟಿದ್ದ ಫೀಸಿನ ದುಡ್ಡೇ. ಅದನ್ನು ಕಟ್ಟಲು ಇನ್ನು ಎರಡೇ ದಿನ ಉಳಿದಿತ್ತು.

ಫೀಸು ಕಚೇರಿಗೆ ಎರಡು ಕಿಟಕಿ. ಮುಂದಿನದು ವಿದ್ಯಾರ್ಥಿಗಳಿಗೆ, ಹಿಂದಿನದು ಗುತ್ತಿಗೆ ಕೆಲಸದವರಿಗೆ. ಒಳಗೆ ಗುಮಾಸ್ತ ಮಾತ್ರ ಒಬ್ಬನೇ. ಕೆಳಗೆ ಚಕ್ರವಿದ್ದ ಕುರ್ಚಿಯಲ್ಲಿ ಕೂತೇ ಎರಡೂ ಕಿಟಕಿಗಳ ನಡುವೆ ಜಾರಾಡುತ್ತಿದ್ದ.

ಅಕ್ಕ ಮುಂದಿನ ಕಿಟಕಿಗೆ ಹೋದಳು. ಗುಮಾಸ್ತ ಅವಳ ಕೆಲಸದ ನೀಲಿ ಕೋಟು ನೋಡಿ, ಹಿಂದೆ ಹೋಗು ಅಂದ. ಕಟ್ಟಡ ಸುತ್ತಿ ಹಿಂದಿನ ಕಿಟಕಿಗೆ ಹೋದಳು. ಅವನು ಕುರ್ಚಿ ಜಾರಿಸಿಕೊಂಡು ಅಲ್ಲಿಗೂ ಬಂದು, ಇಲ್ಲಿ ಫೀಸು ತಗೊಳಲ್ಲ, ಮುಂದೆ ಹೋಗು ಅಂದ. ಮತ್ತೆ ಮುಂದೆ ಹೋದಳು, ಮತ್ತೆ ಹಿಂದಕ್ಕೆ ಅಟ್ಟಿದ. ಮೂರನೆಯ ಸುತ್ತಿನಲ್ಲಿ ಅಕ್ಕ ಕೋಟು ಬಿಚ್ಚಿ ಚೀಲಕ್ಕೆ ತುರುಕಿಕೊಂಡು, ಕೂದಲು ಸರಿಮಾಡಿಕೊಂಡು ನಿಂತಳು.

"ಹೇಳಿ ಮೇಡಂ," ಅಂದ ಗುಮಾಸ್ತ. ಆಮೇಲೆ ಮುಖ ನೋಡಿ, "ಥೂ, ನೀನಾ?" ಅಂದ.

ಇನ್ನು ಬೇರೆ ದಾರಿಯಿಲ್ಲದೆ ಚೀಟಿ ಬರೆದು ಮುಂದೆ ತಳ್ಳಿದ. ಬೋಧನೆಗೆ ಇಷ್ಟು, ಗ್ರಂಥಾಲಯಕ್ಕೆ ಇಷ್ಟು. ಆಟೋಟಕ್ಕೂ ಒಂದಿಷ್ಟು ಇತ್ತು, ಆ ದಿನದ ಆಟ ಓಟ ಎರಡೂ ಅವಳಿಗೆ ಆಗಲೇ ಆಗಿತ್ತು. ಅಕ್ಕ ಬೆರಳಿಟ್ಟು ಓದುತ್ತಾ ಕೊನೆಯ ಸಾಲಿಗೆ ಬಂದಳು. ಸ್ವಚ್ಛತಾ ಶುಲ್ಕ, ಸಾವಿರದ ಇನ್ನೂರು.

"ಇದೇನು ಸಾರ್?"

"ಕ್ಲೀನಿಂಗಿಗೆ. ಈ ವರ್ಷದಿಂದ ಹೊಸದು. ಎಲ್ಲ ವಿದ್ಯಾರ್ಥಿಗಳೂ ಕಟ್ಬೇಕು."

"ಕ್ಲೀನ್ ಮಾಡೋದು ನಾನೇ ಅಲ್ವಾ ಸಾರ್?"

"ಅದು ಬೇರೆ, ಇದು ಬೇರೆ."

"ನನ್ನ ಹತ್ರ ಇಸ್ಕೊಂಡು ನನಗೇ ಕೊಡ್ತೀರಾ?"

"ನಿನಗ್ಯಾಕೆ ಕೊಡ್ತಾರೆ? ನಿನಗೆ ಗುತ್ತಿಗೆದಾರ ಕೊಡಲ್ವಾ?"

ಗುತ್ತಿಗೆದಾರ ಕೊಡುತ್ತಿದ್ದದ್ದು ಮೂರು ವರ್ಷದಿಂದ ಒಂದು ಕಾಸೂ ಮೇಲೇರಿರಲಿಲ್ಲ. ಮೇಲಾಗಿ, ಹೋದ ತಿಂಗಳು ಮಧ್ಯಾಹ್ನದ ಪಾಳಿಯ ಇಬ್ಬರು ಹೆಂಗಸರನ್ನು ಹಣವಿಲ್ಲ ಎಂದು ಹೇಳಿ ತೆಗೆದುಹಾಕಿದ್ದರು. ಇದೆಲ್ಲ ತಲೆಯಲ್ಲಿ ಒಂದರ ಪಕ್ಕ ಒಂದು ಬಂದು ನಿಂತಾಗ ಅಕ್ಕನ ಮೈಯೆಲ್ಲ ಉರಿಯಿತು. ಆದರೆ ಅವಳ ಕೈಯಲ್ಲಿದ್ದದ್ದು ಹಳೆಯ ಲೆಕ್ಕದ ದುಡ್ಡು. ಸಾವಿರದ ಇನ್ನೂರು ಕಡಿಮೆ ಬಿತ್ತು.

"ಆಮೇಲೆ ಪೋಷಕರ ಸಹಿ ಎಲ್ಲಿ?" ಅಂದ ಗುಮಾಸ್ತ, ಅರ್ಜಿಯನ್ನು ತಿರುವಿಹಾಕುತ್ತಾ. "ಪೋಷಕರನ್ನ ಕರ್ಕೊಂಡು ಬಾ. ನಾಳೆ ಹನ್ನೆರಡರೊಳಗೆ ಬರದಿದ್ರೆ ಹೆಸರು ಹೊಡೆದು ಹಾಕ್ತೀನಿ."

ಅಕ್ಕ ಮನೆಗೆ ಹೋದವಳೇ ಚೀಲ ಎಸೆದು ಗೋಡೆಗೆ ಒರಗಿ ಕೂತಳು. ಒಂದೇ ಕೋಣೆಯ ಮನೆ. ಮಂಚದ ಮೇಲೆ ಅತ್ತೆ, ಎಂಬತ್ತರ ಮುದುಕಿ, ಅರ್ಧ ಕಣ್ಣು ಮುಚ್ಚಿ ಮಲಗಿದ್ದಳು. ಅವಳು ಕೂತ ಬಗೆ ಕಂಡೇ, ಎಷ್ಟು ಕಡಿಮೆ ಬಿತ್ತು ಎಂದು ಮುದುಕಿ ಕೇಳಿದಳು. ಅಕ್ಕ ಹೇಳಿದಳು. ಮುದುಕಿ ಮಂಚದ ಕೆಳಗೆ ಕೈಹಾಕಿ ಬಿಸ್ಕತ್ತಿನ ಡಬ್ಬವನ್ನು ಎಳೆದಳು.

ಆ ಡಬ್ಬವನ್ನು ಅಕ್ಕ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಗಂಡ ಸತ್ತಾಗ ಮನೆಯಲ್ಲಿ ಬಿಡಿಗಾಸಿರಲಿಲ್ಲ. ಬೀದಿಯವರು ಟವೆಲ್ ಹಾಸಿ ಚಂದಾ ಎತ್ತಿ ಮಣ್ಣು ಮಾಡಿದ್ದರು. ಮಗನ ಹೆಣದ ಪಕ್ಕದಲ್ಲಿ ಕೂತು ಆ ಟವೆಲ್ಲಿಗೆ ಚಿಲ್ಲರೆ ಬೀಳುವ ಸದ್ದು ಕೇಳಿದ ಮುದುಕಿ, ಅವತ್ತಿನಿಂದ ತನ್ನ ಹೆಣಕ್ಕೆ ತಾನೇ ಕೂಡಿಡುತ್ತಾ ಬಂದಿದ್ದಳು. ಗುಂಡಿ ತೋಡುವವನಿಗೆ, ಹೊರುವವರಿಗೆ, ಬಂದವರ ಟೀಗೆ, ಎಲ್ಲಕ್ಕೂ ಬೇರೆಬೇರೆ ಗಂಟು ಕಟ್ಟಿದ್ದಳು.

"ಅದನ್ನ ಮುಟ್ಟಲ್ಲ ಅತ್ತೆ," ಅಂದಳು ಅಕ್ಕ.

"ಎಷ್ಟು ವರ್ಷ ಆ ಓದು?"

"ಮೂರು."

"ಹಾಗಾದ್ರೆ ಮೂರು ವರ್ಷ ನಾನು ಸಾಯೋ ಹಾಗಿಲ್ಲ." ಮುದುಕಿ ಗಂಟು ಬಿಚ್ಚುತ್ತಾ ಯೋಚಿಸಿದಳು. "ನಪಾಸಾದ್ರೆ?"

"ನಾಲ್ಕು."

"ನಪಾಸಾಗಬೇಡ ಕಣೇ. ನನಗೆ ಮೊಣಕಾಲು ತುಂಬಾ ನೋಯುತ್ತೆ."

ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಮುದುಕಿ ಗುಂಡಿ ತೋಡುವವನ ಗಂಟನ್ನೂ ಟೀ ಗಂಟನ್ನೂ ಅವಳ ಮಡಿಲಿಗೆ ಹಾಕಿ, ಹೊರುವವರ ಗಂಟನ್ನು ಮಾತ್ರ ಮತ್ತೆ ಡಬ್ಬಕ್ಕೆ ಇಟ್ಟುಕೊಂಡಳು.

ಮಾರನೆಯ ದಿನ ಹತ್ತು ಗಂಟೆಗೆ ಕುಳ್ಳಿ ಇಬ್ಬರ ಕೆಲಸವನ್ನೂ ವಹಿಸಿಕೊಂಡಳು. ಅಕ್ಕ ಮುದುಕಿಯನ್ನು ಕೈಹಿಡಿದು ಮುಂದಿನ ಕಿಟಕಿಗೇ ನಡೆಸಿಕೊಂಡು ಬಂದಳು. ಹಿಂದೆ ಇಪ್ಪತ್ತು ಮೂವತ್ತು ಹುಡುಗರ ಸಾಲು. ಗುಮಾಸ್ತ ಯಾರು ಪೋಷಕರು ಅಂದ. ನಾನು ಅಂದಳು ಮುದುಕಿ. ಏನಾಗಬೇಕು ಅಂದ. ಅತ್ತೆ ಅಂದಳು.

"ಅತ್ತೆ ಆಗಲ್ಲ. ಅಪ್ಪ ಇಲ್ಲಾಂದ್ರೆ ಅಮ್ಮ ಬರ್ಬೇಕು."

"ಅವಳ ಅಪ್ಪ ಅಮ್ಮ ಮಣ್ಣಲ್ಲಿದಾರೆ. ಅಗೆದು ತರ್ಬೇಕಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತ ಮುಖ ಗಂಟಿಕ್ಕಿ, ಸರಿ, ಸಹಿ ಹಾಕು ಎಂದು ಪೆನ್ನು ಚಾಚಿದ. ಮುದುಕಿ ಹೆಬ್ಬೆರಳು ಎತ್ತಿ ತೋರಿಸಿದಳು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಇದು ಉನ್ನತ ಶಿಕ್ಷಣ, ಇಲ್ಲಿ ಹೆಬ್ಬೆಟ್ಟು ನಡೆಯುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಪೆನ್ನು ಹಿಂದಕ್ಕೆ ತೆಗೆದುಕೊಂಡ.

ಮುದುಕಿ ಕಿಟಕಿಯ ಸರಳು ಹಿಡಿದು ಮುಖ ಒಳಗೆ ತೂರಿಸಿದಳು. "ಇವಳು ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಹಾಜರಿಗೆ ಹೆಬ್ಬೆಟ್ಟು ಒತ್ತಿ ನಿಮ್ಮ ಹೇಲು ಬಳೀತಿದಾಳೆ. ಹೇಲು ಬಳಿಯೋಕೆ ನಡೆಯೋ ಹೆಬ್ಬೆಟ್ಟು ಓದಿಸೋಕೆ ಯಾಕೆ ನಡೆಯಲ್ಲ, ಹೇಳೋ ಬೋಳಿಮಗನೇ?"

ಸಾಲಿನಲ್ಲಿದ್ದ ಹುಡುಗರು ಶಿಳ್ಳೆ ಹಾಕಿದರು. ಒಬ್ಬ ಹುಡುಗಿ ತನ್ನ ಫೋನು ಎತ್ತಿ ಹಿಡಿದಳು. ಫೋನು ಕಂಡದ್ದೇ ಗುಮಾಸ್ತ ಶಾಯಿಯ ಡಬ್ಬಿಯನ್ನು ಬಹಳ ಮರ್ಯಾದೆಯಿಂದ ಮುಂದಿಟ್ಟ. ಮುದುಕಿ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಕಿಟಕಿಯ ಸರಳಿಗೇ ಒರೆಸಿದಳು. ಅಕ್ಕ ದುಡ್ಡು ಕೊಟ್ಟು ರಸೀದಿ ಪಡೆದಳು.

ಮೊದಲ ದಿನದ ತರಗತಿಯಲ್ಲಿ ಅಕ್ಕ ಒಂದು ಎಡವಟ್ಟು ಮಾಡಿಕೊಂಡಳು. ಮೇಷ್ಟ್ರು ಹಾಜರಿ ಕೂಗುತ್ತಾ ಅವಳ ಸಂಖ್ಯೆಗೆ ಬಂದಾಗ ಎದ್ದು ನೇರ ಮೇಜಿನ ಬಳಿ ಹೋಗಿ, ಹೆಬ್ಬೆರಳು ಮುಂದೆ ಚಾಚಿಕೊಂಡು, ಪಾಳಿಗೆ ಬಂದಾಗ ಒತ್ತುವಂಥ ಹಾಜರಿ ಮೆಷಿನ್ ಹುಡುಕುತ್ತಾ ನಿಂತಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಕೂತಲ್ಲಿಂದಲೇ 'ಪ್ರೆಸೆಂಟ್' ಅಂದರೆ ಸಾಕಮ್ಮಾ ಅಂದರು. ಅಕ್ಕನಿಗೆ ನಂಬಿಕೆಯೇ ಬರಲಿಲ್ಲ. ಬಂದಿದ್ದೇನೆ ಎಂದು ಬಾಯಲ್ಲಿ ಹೇಳಿದರೆ ನಂಬುವ ಜಾಗವೂ ಇದೇ ಕಟ್ಟಡದಲ್ಲಿತ್ತು! ಪಕ್ಕದ ಹುಡುಗಿ ದನಿ ಬದಲಿಸಿ ಬಾರದ ಗೆಳತಿಯ ಹಾಜರಿಯನ್ನೂ ಕೂಗಿದಳು. ಮೇಷ್ಟ್ರು ಅದನ್ನೂ ನಂಬಿದರು.

ಎರಡು ವಾರ ಹೀಗೇ ನಡೆಯಿತು. ಬೆಳಿಗ್ಗೆ ಒರೆಸಿದ ಬೆಂಚಿನಲ್ಲೇ ಅಕ್ಕ ಮಧ್ಯಾಹ್ನ ಕೂರುತ್ತಿದ್ದಳು. ಕೇಳಿದ ಪಾಠವನ್ನು ಮಾರನೆಯ ದಿನ ಬಕೆಟ್ಟುಗಳ ನಡುವೆ ಕುಳ್ಳಿಗೆ ಹೇಳುತ್ತಿದ್ದಳು. ರಾಜರು ಕೋಟೆ ಕಟ್ಟಿಸಿದ್ದನ್ನು ಹೇಳಿದಾಗ ಕುಳ್ಳಿ, ಆ ಕೋಟೆಯಲ್ಲಿ ಕಕ್ಕಸು ಯಾರು ತೊಳೆಯುತ್ತಿದ್ದರು ಎಂದು ಕೇಳಿದಳು. ಅಕ್ಕ ಅದನ್ನು ಮೇಷ್ಟ್ರಿಗೆ ಕೇಳಿದಳು. ಅದು ಪಠ್ಯದಲ್ಲಿಲ್ಲ ಅಂದರು ಅವರು.

ಮೂರನೆಯ ವಾರ ಒಂದು ದಿನ, ಎರಡೂವರೆಯ ಹೊತ್ತಿಗೆ, ಮೇಸ್ತ್ರಿ ತರಗತಿಯ ಬಾಗಿಲು ದೂಡಿಕೊಂಡು ಬಂದ. ಪ್ಯಾಂಟು ಮೊಣಕಾಲವರೆಗೆ ಒದ್ದೆ.

"ಏ, ಬಾ ಹೊರಗೆ. ಕಕ್ಕಸಿನ ಪೈಪು ಬ್ಲಾಕ್ ಆಗಿ ಉಕ್ತಾ ಇದೆ. ಕಾಲೇಜಿನ ಅಧ್ಯಕ್ಷರು ಗೇಟಿಗೆ ಬಂದಿದಾರೆ."

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಆಗಲೇ ಬರೆದಿದ್ದ ಇಸವಿಯನ್ನು ಮತ್ತೊಮ್ಮೆ ತಿದ್ದತೊಡಗಿದರು.

"ನನ್ನ ಪಾಳಿ ಒಂದಕ್ಕೇ ಮುಗೀತು ಸಾರ್," ಅಂದಳು ಅಕ್ಕ.

"ಪಾಳಿ ಗೀಳಿ ಅಂದ್ರೆ ಒದೀತೀನಿ. ಏಳೇ ಮೇಲೆ. ಮಧ್ಯಾಹ್ನಕ್ಕೆ ಇನ್ಯಾರಿದಾರೆ?"

ಅಕ್ಕ ಎದ್ದಳು. ಅವಳು ಎದ್ದದ್ದು ಅಭ್ಯಾಸಬಲದಿಂದ, ಅದು ಅವಳಿಗೂ ಗೊತ್ತಾಯಿತು, ನಾಚಿಕೆಯೂ ಆಯಿತು. ಎದ್ದಾಗಿತ್ತಲ್ಲ, ಪುಸ್ತಕದೊಳಗಿಂದ ರಸೀದಿ ತೆಗೆದು ಅವನ ಮುಂದೆ ಹಿಡಿದಳು.

"ಕೊನೇ ಸಾಲು ಓದಿ ಸಾರ್. ಸ್ವಲ್ಪ ಜೋರಾಗಿ."

ಮೇಸ್ತ್ರಿ ಓದಿದ, ಆದರೆ ಬಾಯಿಬಿಟ್ಟು ಓದಲಿಲ್ಲ.

"ಸಾವಿರದ ಇನ್ನೂರು ಕಟ್ಟಿದೀನಿ. ಕಕ್ಕಸು ಉಕ್ತಿದೆ ಅಂತ ನೀವು ಬಂದು ನನಗೆ ಹೇಳೋದಲ್ಲ. ನಾನು ನಿಮಗೆ ಹೇಳ್ಬೇಕು. ಹೇಳ್ತಿದೀನಿ, ಹೋಗಿ ಕ್ಲೀನ್ ಮಾಡಿಸಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ನಾನೂ ಕಟ್ಟಿದೀನಿ ಸಾರ್," ಅಂದ. ಇನ್ನೊಬ್ಬಳು ತಾನೂ ಅಂದಳು. ಮೇಸ್ತ್ರಿಯ ಕಿವಿ ಕೆಂಪಾದವು.

"ನಾಳೆಯಿಂದ ಕೆಲಸಕ್ಕೆ ಬರ್ಬೇಡ," ಅಂದ.

ಅಕ್ಕನ ಕಣ್ಣ ಮುಂದೆ ಬಾಡಿಗೆ ಬಂತು, ಮುದುಕಿಯ ಮಾತ್ರೆ ಬಂತು, ಡಬ್ಬದಲ್ಲಿ ಒಂದೇ ಒಂದು ಗಂಟು ಉಳಿದಿರುವುದು ಬಂತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆರು ಗಂಟೆಗೆ ಬರ್ಬೇಡ ಅಂದ್ರೆ ಬರಲ್ಲ," ಅಂದಳು. "ಎರಡು ಗಂಟೆಗೆ ಬರ್ತೀನಿ. ವರ್ಷಪೂರ್ತಿ ಬರ್ತೀನಿ. ನಿಮ್ಮಪ್ಪ ಬಂದ್ರೂ ನಿಲ್ಲಿಸೋಕಾಗಲ್ಲ, ಫೀಸು ಕಟ್ಟಿದೀನಿ."

ಹೇಳಿ ಕೂತಳು. ಮೇಸ್ತ್ರಿ ಬಾಗಿಲನ್ನು ಧಡಾರೆಂದು ಎಳೆದುಕೊಂಡು ಹೋದ. ಮೊಗಸಾಲೆಯಲ್ಲಿ ಬಕೆಟ್ಟು ಉರುಳಿದ ಸದ್ದಾಯಿತು, ಯಾರನ್ನೋ ಕೂಗಿದ ಸದ್ದಾಯಿತು, ಯಾರೂ ಓಗೊಡಲಿಲ್ಲ. ಅತ್ತ ಮುಂಬಾಗಿಲಿನ ಕಡೆ ಅಧ್ಯಕ್ಷರಿಗೆ ಚಪ್ಪಾಳೆ ಶುರುವಾಯಿತು. ಚಪ್ಪಾಳೆ ಹತ್ತಿರ ಬಂದು, ಇದ್ದಕ್ಕಿದ್ದಂತೆ ನಿಂತುಹೋಯಿತು.

ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಮೊದಲು ತೆಳ್ಳಗೆ, ಆಮೇಲೆ ಒಂದು ನಾಲಿಗೆಯಷ್ಟು ಅಗಲ, ಕಂದು ಬಣ್ಣ. ಹುಡುಗಿಯರು ಮೂಗು ಮುಚ್ಚಿಕೊಂಡರು. ಮುಂದಿನ ಸಾಲಿನವರು ಕಾಲೆತ್ತಿದರು, ಅವರ ಹಿಂದಿನವರೂ ಎತ್ತಿದರು. ಅಕ್ಕನ ಕೈಗಳು ತುರಿಸುತ್ತಿದ್ದವು. ಇಪ್ಪತ್ತೆರಡು ವರ್ಷ ಇಂಥ ನೀರು ಕಂಡಾಗಲೆಲ್ಲ ಅವು ತಾವಾಗಿಯೇ ಒರೆಸುವ ಬಟ್ಟೆ ಹುಡುಕಿಕೊಂಡು ಹೋಗಿದ್ದವು. ಎರಡನ್ನೂ ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತಳು. ನೀರು ಅವಳ ಬೆಂಚಿಗೂ ಬಂತು.

ಅಕ್ಕ ಎಲ್ಲರಂತೆ ಎರಡೂ ಕಾಲನ್ನು ಎತ್ತಿ ಮುಂದಿನ ಬೆಂಚಿನ ಅಡ್ಡಪಟ್ಟಿಯ ಮೇಲೆ ಇಟ್ಟಳು. ಒಂದು ಕೈ ಬಿಡಿಸಿಕೊಂಡು ಪೆನ್ನು ತೆಗೆದಳು.

"ಮುಂದೆ ಹೇಳಿ ಸಾರ್," ಅಂದಳು.