ಬೆಚ್ಚಗಿದ್ದ ಕುದುರೆ

ನನಗೆ ಕುದುರೆಯ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಮುಂದಿನಿಂದ ಹೋದರೆ ಕಚ್ಚುತ್ತದೆ, ಹಿಂದಿನಿಂದ ಹೋದರೆ ಒದೆಯುತ್ತದೆ. ಇಷ್ಟು ತಿಳಿದವನನ್ನು ಕುದುರೆ ಕೊಳ್ಳಲು ಕಳಿಸಿದವಳು ನನ್ನ ಅಕ್ಕ.

ಅಕ್ಕನದೂ ತಪ್ಪಿಲ್ಲ ಅನ್ನಿ. ನಾನು ಗ್ಯಾರೇಜಿನವನು. ಇಪ್ಪತ್ತಾರು ವರ್ಷದಿಂದ ನಮ್ಮ ಬೀದಿಯಲ್ಲಿ ಯಾರು ಹಳೇ ಕಾರು ಕೊಳ್ಳುವುದಿದ್ದರೂ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನಾನು ‘ಹೂಂ’ ಅಂದ ಮೇಲೆಯೇ ವ್ಯಾಪಾರ. ನನ್ನ ಗುಟ್ಟು ಬಹಳ ಸಣ್ಣದು. ಮಾರುವವನು ಬಾಯಿ ತೆರೆಯುವ ಮೊದಲೇ ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ತಣ್ಣಗಿದ್ದರೆ ಮಾತು ಮುಂದುವರಿಯಬಹುದು. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಗಾಡಿಯನ್ನು ಓಡಿಸಿ ಇಟ್ಟಿದ್ದಾನೆ ಅಂತ ಅರ್ಥ. ಬೆಳಿಗ್ಗೆ ಕೆಮ್ಮುವ ಇಂಜಿನ್ ಮಧ್ಯಾಹ್ನ ಹಾಡುತ್ತದೆ. ಹಾಡು ಕೇಳಿ ಕೊಂಡವನು ಮರುದಿನ ಬೆಳಿಗ್ಗೆ ನನ್ನ ಗ್ಯಾರೇಜಿನ ಮುಂದೆ ನಿಂತು ಅಳುತ್ತಾನೆ.

ಅಕ್ಕನ ಮಗಳಿಗೆ ನಾನಿಟ್ಟ ಹೆಸರು ಮಿಡತೆ. ಹತ್ತನೇ ವಯಸ್ಸಿನಿಂದ ಕುದುರೆ ಮೇಲೆ ಕೂತು ಅಡ್ಡಗಂಬ ಹಾರುತ್ತಿದ್ದಾಳೆ, ಈಗ ಹತ್ತೊಂಬತ್ತು. ಹೋದ ವರ್ಷ ಒಂದು ಪಂದ್ಯದಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡಳು. “ಬೀಳಲಿಲ್ಲ ಮಾವ, ಕುದುರೆ ಆ ಕಡೆ ಹೋಯ್ತು, ನಾನು ಈ ಕಡೆ ಉಳ್ಕೊಂಡೆ” ಎಂದು ನಗಿಸಿದಳು. ಎಲುಬು ಕೂಡಿಕೊಂಡಿತು. ಆದರೆ ಅವಳ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಬೇರೆ ಇತ್ತು: “ಕಂಬ ಹತ್ತಿರ ಬಂದ ಹಾಗೆ ಇವಳ ಮುಷ್ಟಿ ಬಿಗಿಯಾಗುತ್ತೆ. ಹೆದರಿಕೆ ಹೋಗಿಲ್ಲ. ಇನ್ನೊಂದು ಸಲ ಬಿದ್ದರೆ ಮತ್ತೆ ಹತ್ತೋದಿಲ್ಲ ಇವಳು.”

ಅವಳು ಹತ್ತುತ್ತಿದ್ದ ಸವಾರಿ ಶಾಲೆಯ ಕುದುರೆಗೆ ವಯಸ್ಸಾಗಿ ನಿವೃತ್ತಿ ಕೊಟ್ಟಿದ್ದರು. ತಂಡದಲ್ಲಿ ಉಳಿಯಬೇಕಾದರೆ ಸೋಮವಾರದೊಳಗೆ ಸ್ವಂತ ಕುದುರೆಯ ಹೆಸರು ಬರೆಸಬೇಕು. ಅಕ್ಕ ಮೂರು ದಿನ ಊಟದ ಮೇಜಿನಲ್ಲಿ ಲೆಕ್ಕ ಹಾಕಿ, ನಾಲ್ಕನೇ ದಿನ ತೀರ್ಪು ಕೊಟ್ಟಳು.

“ಒಂದೇ ಕುದುರೆ. ನನ್ನ ತಮ್ಮ ನೋಡಿ ಹೂಂ ಅನ್ಬೇಕು. ಅವನು ಹೂಂ ಅನ್ನದಿದ್ರೆ ಈ ಹಾರಾಟ ಇಲ್ಲಿಗೆ ಮುಗೀತು.”

“ಅಕ್ಕಾ, ನನಗೆ ಕುದುರೆ ವಿಷಯ ಏನು ಗೊತ್ತು?”

“ಮಾರೋರ ವಿಷಯ ಗೊತ್ತಲ್ಲ, ಸಾಕು.”

ಶುಕ್ರವಾರ ಮೊದಲ ಕಡೆ ಹೋದೆವು. ಊರ ಹೊರಗೆ ಒಂದು ತಗಡಿನ ಲಾಯ, ಎದುರಿಗೆ ಸಣ್ಣ ಮಣ್ಣಿನ ಮೈದಾನ. ಮಾರುವವರು ಎಪ್ಪತ್ತು ದಾಟಿದ ಹೆಂಗಸು. ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ಲದ್ದಿ ಬಾಚುವ ಸಲಿಕೆ. ಅವರ ಕುದುರೆ ಬೂದು ಬಣ್ಣದ್ದು. ಒಂದು ಕಿವಿಯ ತುದಿ ಮಡಚಿತ್ತು. ಸತ್ಯ ಹೇಳಬೇಕೆಂದರೆ, ಮಳೆಯಲ್ಲಿ ಮರೆತು ಬಿಟ್ಟ ಸೋಫಾದ ಹಾಗಿತ್ತು.

ಮಿಡತೆ ನಮಸ್ಕಾರ ಹೇಳುವಷ್ಟರಲ್ಲಿ ನಾನು ನನ್ನ ಕೆಲಸ ಶುರು ಮಾಡಿದ್ದೆ. ನೇರವಾಗಿ ಹೋಗಿ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಕುತ್ತಿಗೆ ಮುಟ್ಟಿದೆ, ಅದೂ ಬೆಚ್ಚಗೆ. ನಾನು ಗಂಟಲು ಸರಿಮಾಡಿಕೊಂಡು, ಗ್ಯಾರೇಜಿನ ಗಾಂಭೀರ್ಯದಲ್ಲಿ ಹೇಳಿದೆ:

“ಅಮ್ಮಾ, ನಾವು ಬರೋ ಮೊದಲೇ ಇದನ್ನ ಓಡ್ಸಿದೀರಿ. ಬಿಸಿ ಇದೆ.”

ಆಕೆ ಸಲಿಕೆ ಊರಿ ನಿಂತರು. “ಓಡ್ಸಿಲ್ಲಪ್ಪ. ಬದುಕಿದೆ, ಅದಕ್ಕೇ ಬಿಸಿ ಇದೆ. ತಣ್ಣಗಾದ ದಿನ ನಿನಗೆ ಪುಕ್ಕಟೆ ಕೊಡ್ತೀನಿ, ಬಂದು ತಗೊಂಡು ಹೋಗು.”

ಮಿಡತೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಕುದುರೆ ನನ್ನ ಅಂಗಿಯ ಎದೆ ಹತ್ತಿರ ಮೂತಿ ತಂದು, ಬಹಳ ನಾಜೂಕಾಗಿ, ಮೇಲಿನಿಂದ ಎರಡನೇ ಗುಂಡಿಯನ್ನು ಕಿತ್ತುಕೊಂಡಿತು. ಆಕೆ ಅದರ ಬಾಯಿಗೆ ಬೆರಳು ಹಾಕಿ ಗುಂಡಿಯನ್ನು ತೆಗೆದು, ಬೂಟಿಗೆ ಒರೆಸಿ, ನನ್ನ ಕೈಗೆ ಕೊಟ್ಟರು.

“ಇದು ಮೊದಲನೇ ಐಬು. ಗುಂಡಿ ಕೀಳ್ತಾನೆ. ಎರಡನೇದು, ಕುದುರೆ ಸಾಗಿಸೋ ಗಾಡಿ ಹತ್ತಲ್ಲ. ಮನುಷ್ಯರು ಯಾರಾದ್ರೂ ಮುಂದೆ ಹತ್ತಿದ್ರೆ ಹಿಂದೆ ಬರ್ತಾನೆ, ಇಲ್ಲಾಂದ್ರೆ ಮೊಲಕ್ಕೆ ಮೂರೇ ಕಾಲು ಅಂತ ನಿಂತ್ಬಿಡ್ತಾನೆ. ಛತ್ರಿ ಕಂಡ್ರೆ ಆಗಲ್ಲ. ಮತ್ತೆ ನಾಲ್ಕನೇದು, ಇದು ದೊಡ್ಡದು, ಸರಿಯಾಗಿ ಕೇಳ್ಸ್ಕೋ ಮಗಳೇ. ಸವಾರ ಜೀನಿನ ಮೇಲೆ ಸ್ವಲ್ಪ ಜಾರಿದ್ರೂ ಸಾಕು, ಇವನು ನಿಂತುಬಿಡ್ತಾನೆ. ಕಂಬದ ಎದುರಿಗೇ ಆದ್ರೂ ಸರಿ. ಅದರಿಂದ್ಲೇ ನನ್ನ ಮೊಮ್ಮಗಳು ಎರಡು ಪಂದ್ಯ ಸೋತಳು.”

ತನ್ನ ಮಜ್ಜಿಗೆ ಹುಳಿ ಅಂತ ಯಾರೂ ಹೇಳುವುದಿಲ್ಲ ಅನ್ನುತ್ತಾರೆ. ಇಲ್ಲಿ ಆಕೆ ಲೋಟ ಕೈಗೆ ಕೊಡುವ ಮೊದಲೇ ಹುಳಿ, ಕಹಿ, ಒಗರು ಎಲ್ಲವನ್ನೂ ಎಣಿಸಿ ಹೇಳಿದ್ದರು. ನನ್ನ ಇಪ್ಪತ್ತಾರು ವರ್ಷದ ಅನುಭವದಲ್ಲಿ ಇಂಥ ಮಾರಾಟಗಾರರನ್ನು ಕಂಡಿರಲಿಲ್ಲ. ಹಾಗಾಗಿ ನನಗೆ ಅನುಮಾನವೇ ಜಾಸ್ತಿಯಾಯಿತು.

ಮಿಡತೆ ಹತ್ತಿ ಎರಡು ಸುತ್ತು ಹಾಕಿದಳು. ಕಂಬಗಳನ್ನು ಹಾರಿಸಲೇ ಇಲ್ಲ. “ಚೆನ್ನಾಗಿದೆ ಅಜ್ಜಿ. ಆದ್ರೆ ನಿಲ್ಲೋ ಕುದುರೆ ನನಗೆ ಬೇಡ” ಎಂದು ಇಳಿದಳು.

“ಬೇಡದಿದ್ರೆ ಬಿಡು” ಎಂದರು ಆಕೆ. ಆಮೇಲೆ ಲಗಾಮು ಬಿಚ್ಚುತ್ತಾ, ಹವಾಮಾನ ಕೇಳುವ ಹಾಗೆ ಕೇಳಿದರು: “ಬಿದ್ದಿದ್ದು ಯಾವಾಗ?”

ಮಿಡತೆ ಹೆಲ್ಮೆಟ್ ಬಿಚ್ಚಿ ವ್ಯಾನಿನ ಕಡೆ ನಡೆದಳು. ವ್ಯಾನಿನಲ್ಲಿ ಕೂತ ಮೇಲೆ ನನ್ನ ಮೇಲೆ ಹರಿಹಾಯ್ದಳು. “ಕುದುರೆ ಬಿಸಿ ಇದೆಯಂತೆ. ನಾಳೆ ನೀನು ದಯವಿಟ್ಟು ಕೈ ಜೇಬಲ್ಲಿ ಇಟ್ಕೊಂಡಿರು ಮಾವ.”

ಶನಿವಾರ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಈ ಎರಡನೇ ಜಾಗ ಬೇರೆಯೇ ಲೋಕ. ಬಿಳಿ ಬೇಲಿ, ನೀರು ಚಿಮುಕಿಸಿದ ಮರಳಿನ ಮೈದಾನ, ಕಾಫಿ ಯಂತ್ರವಿದ್ದ ಆಫೀಸು. ದಳ್ಳಾಳಿಯ ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ ನಾನು ಅದರಲ್ಲಿ ಮೀಸೆ ನೋಡಿಕೊಂಡೆ. ಮಿಡತೆಯ ಮನಸ್ಸು ಕದ್ದದ್ದು ಮಾತ್ರ ಅವನ ಕೆಂಚು ಕುದುರೆ. ಅದರ ಮೈ ಆಗತಾನೇ ಪಾಲಿಷ್ ಮಾಡಿದ ಬಾಗಿಲಿನ ಹಾಗಿತ್ತು. ಅವಳು ಹತ್ತಿದಳು, ಏಳು ಕಂಬ ಹಾರಿಸಿದಳು, ಒಂದೂ ಬೀಳಲಿಲ್ಲ. ಕುದುರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗಿ ಬಂತು. ಇಳಿದಾಗ ಅವಳ ಮುಖ ನೋಡಬೇಕಿತ್ತು. ವರ್ಷದ ಹಿಂದಿನ ಮಿಡತೆ ವಾಪಸ್ ಬಂದಿದ್ದಳು.

“ನೋಡಿ ಅಣ್ಣ” ಎಂದ ದಳ್ಳಾಳಿ. “ಬೇರೆ ಗಿರಾಕಿಗೆ ಇದನ್ನ ತೋರಿಸೋದೇ ಇಲ್ಲ. ನಿಮ್ಮ ಮಗಳು ನನಗೆ ತಂಗಿ ಇದ್ದ ಹಾಗೆ.”

“ನಾನು ಅಣ್ಣ, ನನ್ನ ಮಗಳು ತಂಗಿ. ನಿಮ್ಮ ವಂಶವೃಕ್ಷ ಯಾಕೋ ತಲೆಕೆಳಗಾಗಿ ಬೆಳೀತಾ ಇದೆಯಲ್ಲ” ಎಂದೆ. “ಇವಳು ನನ್ನ ಅಕ್ಕನ ಮಗಳು.”

ಅವನು ನನಗಿಂತ ಜೋರಾಗಿ ನಕ್ಕ. ಒಳ್ಳೆಯ ಮಾರಾಟಗಾರನ ಲಕ್ಷಣ ಅದು. “ಒಟ್ಟಿನಲ್ಲಿ ಮನೆಯವರೇ ಅನ್ನಿ. ಸಂಜೆ ಇನ್ನೊಬ್ಬರು ಬರ್ತಾರೆ. ಅವರು ಬಂದು ಕೈ ಹಾಕಿದ್ರೆ ನಾನು ಏನೂ ಮಾಡೋಕಾಗಲ್ಲ. ಈಗಲೇ ಹೂಂ ಅಂದ್ಬಿಡಿ.”

ಮಿಡತೆ ನನ್ನ ಕಡೆ ನೋಡಿದಳು. ಆ ಕಣ್ಣಿಗೆ ಹೂಂ ಅನ್ನದಿರಲು ಕಲ್ಲಾಗಿರಬೇಕು. ನಾನೂ ಅನ್ನುವವನೇ ಇದ್ದೆ. ಆದರೆ ಗ್ಯಾರೇಜಿನವನ ಕಣ್ಣು ಸುಮ್ಮನಿರುವುದಿಲ್ಲ. ಟೈರ್ ಸವೆತ ನೋಡಿ ನೋಡಿ ಅಭ್ಯಾಸ. ಮೈದಾನದ ಆ ಮೂಲೆಯಲ್ಲಿ, ಒದ್ದೆ ಮರಳಿನ ಮೇಲೆ ದೊಡ್ಡದೊಂದು ವೃತ್ತ ಬಿದ್ದಿತ್ತು. ಗೊರಸಿನ ಗುರುತಿನ ಮೇಲೆ ಗೊರಸಿನ ಗುರುತು, ಒಂದು ಗೇಣು ಆಳ. ಗಾಣದೆತ್ತು ಸುತ್ತಿದ ಹಾಗೆ. ನೀರು ಚಿಮುಕಿಸಿದ ಮೇಲೆ ಆದದ್ದು, ಅಂದರೆ ಇವತ್ತಿನದೇ. ಬೇಲಿಯ ಮೇಲೆ ಒಂದು ಉದ್ದ ಹಗ್ಗ ನೇತಾಡುತ್ತಿತ್ತು.

“ಮಿಡತೇ, ಹಗ್ಗ ಕಟ್ಟಿ ಹೀಗೆ ಸುತ್ತಿಸೋದು ಯಾಕೆ?” ಎಂದು ಮೆಲ್ಲಗೆ ಕೇಳಿದೆ.

“ಸವಾರಿಗೆ ಮೊದ್ಲು ಸೊಕ್ಕು ಇಳಿಸೋಕೆ. ಎಲ್ಲರೂ ಮಾಡ್ತಾರೆ. ಹತ್ತು ನಿಮಿಷ.”

“ಇದು ಹತ್ತು ನಿಮಿಷದ ಹಳ್ಳ ಅಲ್ಲ ಕಣೆ.”

ಅವಳು ನೋಡಿದಳು. ಅವಳ ಕೈ ತಾನಾಗಿ ಕುದುರೆಯ ಹೊಟ್ಟೆಪಟ್ಟಿಯ ಕೆಳಗೆ ಹೋಯಿತು, ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು. ಬೆರಳಿನಲ್ಲಿ ಬಿಳಿ ಪುಡಿ ಇತ್ತು, ಒಣಗಿದ ಬೆವರಿನ ಉಪ್ಪು. ಏಳು ಕಂಬ ಹಾರಿದ ಬೆವರು ಇನ್ನೂ ಒದ್ದೆಯಾಗಿರಬೇಕಲ್ಲ, ಇದು ಅದಕ್ಕೂ ಮೊದಲಿನದು.

ನಾನು ದಳ್ಳಾಳಿಗೆ, “ನಾಳೆ ಹೇಳ್ತೀನಿ” ಎಂದೆ.

“ನಾಳೆ ಒಂಬತ್ತಕ್ಕೆ ಬನ್ನಿ ಹಾಗಾದ್ರೆ. ಅದಕ್ಕೂ ಮೊದ್ಲು ಬರ್ಬೇಡಿ, ಯಾರೂ ಇರಲ್ಲ” ಎಂದ. ಸಂಜೆಯ ಗಿರಾಕಿ ಎಲ್ಲಿ ಹೋದನೋ ದೇವರಿಗೇ ಗೊತ್ತು.

ವಾಪಸ್ ಬರುವಾಗ ಮಿಡತೆ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅರ್ಧ ದಾರಿಯಲ್ಲಿ ಹೇಳಿದಳು: “ನೀನು ಬೇಡ ಅನ್ನೋಕೆ ಕಾರಣ ಹುಡುಕ್ತಾ ಇದ್ದೀಯ. ಅಮ್ಮ ಹೇಳಿ ಕಳಿಸಿದ್ದಾಳೆ.”

“ಬೇಡ ಅನ್ನು ಅಂತ ನಿಮ್ಮಮ್ಮ ಹೇಳಿದ್ದಿದ್ರೆ ನಾನು ಗ್ಯಾರೇಜಲ್ಲೇ ಕೂತು ಬೇಡ ಅಂತಿದ್ದೆ, ಹೋಗಿ ಅಂಗಿ ಗುಂಡಿ ಕಳ್ಕೊಳ್ತಿರ್ಲಿಲ್ಲ. ನಾಳೆ ಆರು ಗಂಟೆಗೆ ಬರೋಣ. ತಣ್ಣಗಿರೋದನ್ನ ಒಂದು ಸಲ ನೋಡೋಣ. ಆಮೇಲೂ ನಿನಗೆ ಬೇಕು ಅಂದ್ರೆ ನಾನು ಹೂಂ ಅಂತೀನಿ. ಆಯ್ತಾ?”

ಭಾನುವಾರ ಆರೂ ಕಾಲಿಗೆ ಬಿಳಿ ಬೇಲಿಯ ಹೊರಗೆ ವ್ಯಾನ್ ನಿಲ್ಲಿಸಿದೆವು. ಯಾರೂ ಇರುವುದಿಲ್ಲ ಎಂದಿದ್ದ ಕಡೆ ಮೂವರಿದ್ದರು. ಒಬ್ಬ ಹಗ್ಗ ಹಿಡಿದಿದ್ದ, ಇನ್ನೊಬ್ಬ ಚಾವಟಿ. ದಪ್ಪ ಜಾಕೆಟ್ ತೊಟ್ಟ ನಡುವಯಸ್ಸಿನ ಸವಾರ ಮೂರನೆಯವನು, ಆಗತಾನೇ ಕೆಂಚು ಕುದುರೆಯ ಮೇಲೆ ಕಾಲು ಹಾಕುತ್ತಿದ್ದ. ಕೂತ ಅಷ್ಟೇ. ಕುದುರೆ ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಾಲ್ಕು ಸಲ ಎಗರಿತು. ಮೂರನೆಯದಕ್ಕೇ ಆತ ಮರಳಿನಲ್ಲಿದ್ದ. ಕುದುರೆ ನಿಲ್ಲಲಿಲ್ಲ. ಬಿದ್ದವನ ಪಕ್ಕದಲ್ಲೇ, ಒಂದು ಗಜ ದೂರದಲ್ಲಿ, ಗೊರಸು ಎತ್ತಿ ಹಾಕುತ್ತಾ ಓಡಿಹೋಯಿತು. ಆತ ಎದ್ದು ಬಟ್ಟೆ ಕೊಡವಿಕೊಂಡ. ಯಾರಿಗೂ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ದಿನಾ ನಡೆಯುವ ಸಂಗತಿ ಇರಬೇಕು. ಹಗ್ಗದವನು ಹಗ್ಗ ಬಿಡಿಸುತ್ತಾ, “ಇವತ್ತು ಒಂದೂವರೆ ಗಂಟೆ ಸುತ್ತಿಸ್ಬೇಕು ಕಣೋ” ಎಂದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಮಿಡತೆಯ ಮುಷ್ಟಿ ಬಿಗಿಯಾಗಿತ್ತು. ನಾನು ಬೇಕೆಂದೇ ರಸ್ತೆ ನೋಡಿದೆ. ನಾನು ಹೇಳಿದ್ದೇ ನಿಜವಾಯಿತು ಎಂದು ಬೀಗುವ ಆಸೆ ನಾಲಿಗೆ ತುದಿಯಲ್ಲಿತ್ತು. ನುಂಗಿಕೊಂಡೆ.

ಅವಳೇ ಮಾತು ತೆಗೆದಳು. “ನಾನು ಬಿದ್ದಾಗ್ಲೂ ಹೀಗೇ ಮಾವ. ಕುದುರೆ ನಿಲ್ಲಲಿಲ್ಲ. ನನಗೆ ಎಲುಬು ಮುರಿದಿದ್ದು ನೆನಪಿಲ್ಲ. ಕಿವಿ ಪಕ್ಕ ಗೊರಸು ಬಿದ್ದ ಸದ್ದು ನೆನಪಿದೆ.”

ನಾನು ವ್ಯಾನ್ ಸ್ಟಾರ್ಟ್ ಮಾಡಿದೆ. ಎಲ್ಲಿಗೆ ಅಂತ ಕೇಳಲಿಲ್ಲ.

“ಆ ನಿಲ್ಲೋ ಕುದುರೆ ಹತ್ರ ಹೋಗೋಣ” ಎಂದಳು.

ರಬ್ಬರ್ ಬೂಟಿನ ಅಜ್ಜಿ ಬೂದು ಕುದುರೆಯ ಬಾಲಕ್ಕೆ ಸೋಪು ಹಚ್ಚುತ್ತಿದ್ದರು. ನಮ್ಮನ್ನು ಕಂಡು ತಲೆ ಎತ್ತಲೂ ಇಲ್ಲ. “ಬನ್ನಿ ಡಾಕ್ಟ್ರೇ. ಇವತ್ತೂ ಜ್ವರ ಇದೆಯಾ ನೋಡಿ.”

ಮರ್ಯಾದೆಯಿಂದ ಮುಟ್ಟಿ ನೋಡಿದೆ. “ಇದೆ” ಎಂದೆ. “ಬದುಕಿದೆ.”

ಮಿಡತೆ ಜೀನು ಕಟ್ಟಿ ಹತ್ತಿದಳು. ಬೆಳಗಿನ ಚಳಿಗೆ ಕುದುರೆ ಮೊದಲ ಸುತ್ತಿನಲ್ಲಿ ನಮ್ಮ ಹಳೇ ಡೀಸೆಲ್ ವ್ಯಾನಿನ ಹಾಗೆ ಬಿಗಿಬಿಗಿಯಾಗಿ ನಡೆಯಿತು. ಎರಡನೇ ಸುತ್ತಿಗೆ ಸಡಿಲವಾಯಿತು. ಆಮೇಲೆ ಅವಳು ಕಂಬದ ಕಡೆ ತಿರುಗಿಸಿದಳು. ದೂರದಿಂದಲೇ ನನಗೆ ಕಂಡಿತು, ಅವಳ ಕೈ ಬಿಗಿಯುತ್ತಿತ್ತು, ಮೈ ಒಂದು ಪಕ್ಕಕ್ಕೆ ವಾಲಿತು. ಇನ್ನು ಎರಡು ಹೆಜ್ಜೆ. ಬೂದು ಕುದುರೆ ಬ್ರೇಕ್ ಒತ್ತಿದ ಹಾಗೆ ನಿಂತಿತು. ಕತ್ತು ಎತ್ತಿ, ಅವಳನ್ನು ಜೀನಿನ ನಡುವೆ ಸರಿಯಾಗಿ ಕೂರಿಸಿಕೊಂಡು, ಆ ಮಡಚಿದ ಕಿವಿಯನ್ನು ಹಿಂದಕ್ಕೆ ತಿರುಗಿಸಿ ಕಾಯಿತು.

“ಬೈತಾಳೆ ಈಗ” ಎಂದರು ಅಜ್ಜಿ.

ಬೈಯಲಿಲ್ಲ. ಅದರ ಕುತ್ತಿಗೆಯ ಮೇಲೆ ಬಗ್ಗಿ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು. ಹಿಂದಕ್ಕೆ ಹೋಗಿ ಮತ್ತೆ ಬಂದಳು. ಈ ಸಲ ಲಗಾಮು ಸಡಿಲವಾಗಿತ್ತು. ಹಾರಿದರು. ಏಳರಲ್ಲಿ ಎರಡು ಕಂಬ ಬಿದ್ದವು. ಅವಳು ಅದನ್ನು ಎಣಿಸಿದ ಹಾಗೆ ಕಾಣಲಿಲ್ಲ.

“ಈ ಐಬಿಂದ ನೀನೂ ಪಂದ್ಯ ಸೋಲ್ತೀಯ ಮಗಳೇ, ಆಮೇಲೆ ನನ್ನ ಬೈಬಾರ್ದು” ಎಂದರು ಅಜ್ಜಿ.

“ಸೋತ್ರೆ ಮೇಲೆ ಕೂತ್ಕೊಂಡೇ ಸೋಲ್ತೀನಲ್ಲ ಅಜ್ಜಿ.”

ಮಧ್ಯಾಹ್ನ ಪಶುವೈದ್ಯರು ಬಂದು ಕಾಲು, ಕಣ್ಣು, ಹಲ್ಲು, ಉಸಿರು ಎಲ್ಲ ನೋಡಿ ಸಹಿ ಹಾಕಿದರು. ನಾನು ಅಕ್ಕನಿಗೆ ಫೋನ್ ಮಾಡಿದೆ.

“ನೋಡೋಕೆ ಹೇಗಿದೆ?” ಎಂದಳು.

“ನೋಡೋಕೆ ಏನೂ ಚೆನ್ನಾಗಿಲ್ಲ. ಬಣ್ಣ ಹೋಗಿದೆ, ಕಿವಿ ಡೊಂಕು. ಮೊದ್ಲು ಹೊರಡೋಕೆ ಸ್ವಲ್ಪ ಹೊತ್ತು ಬೇಕು. ಬ್ರೇಕ್ ಮಾತ್ರ ಅದ್ಭುತವಾಗಿದೆ ಅಕ್ಕ.”

“ಹೂಂ ಅಂತೀಯಾ?”

“ಹೂಂ.”

ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಗಾಡಿ ನಿಧಾನಕ್ಕೆ ಓಡಿಸ್ಕೊಂಡು ಬಾ” ಎಂದು ಇಟ್ಟಳು.

ಇನ್ನು ಕುದುರೆ ಸಾಗಿಸುವ ಗಾಡಿಗೆ ಹತ್ತಿಸುವುದೊಂದು ಉಳಿದಿತ್ತು. ಹಲಗೆ ಇಳಿಸಿದರು. ಕುದುರೆ ಅದರ ಬುಡದಲ್ಲಿ ನಾಲ್ಕೂ ಕಾಲು ಊರಿ ನಿಂತಿತು. ಮಿಡತೆ ಹಿಂದಿನಿಂದ ಕೂಗಿದಳು: “ಮಾವ, ನೀನು ಮುಂದೆ ಹತ್ತು.”

“ನಾನ್ಯಾಕೆ?”

“ಮನುಷ್ಯರು ಹತ್ತಬೇಕಂತೆ. ಸದ್ಯಕ್ಕೆ ನೀನೇ ಇರೋದು.”

ಹತ್ತಿದೆ. ಕತ್ತಲೆ, ಹುಲ್ಲಿನ ವಾಸನೆ, ಹಿಂದೆ ಟಕ್ ಟಕ್ ಎಂದು ಹಲಗೆಯ ಮೇಲೆ ಗೊರಸು. ಬಂದು ನನ್ನ ಎದುರಿಗೆ ನಿಂತು ಬೆಚ್ಚಗೆ ಉಸಿರು ಬಿಟ್ಟಿತು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಮೂತಿ ಮೆಲ್ಲಗೆ ಎದೆಯ ಹತ್ತಿರ ಬಂತು. ಶುಕ್ರವಾರ ಕಿತ್ತ ಗುಂಡಿಯನ್ನು ನನ್ನ ಹೆಂಡತಿ ಶನಿವಾರ ರಾತ್ರಿಯಷ್ಟೇ ಹೊಲಿದು ಕೊಟ್ಟಿದ್ದಳು. ನಾನೇ ಹೊಲಿಗೆ ಬಿಚ್ಚಿ ಕೊಟ್ಟಿದ್ದರೂ ಅದು ಅಷ್ಟು ನೀಟಾಗಿ ಕಿತ್ತು ಬರುತ್ತಿರಲಿಲ್ಲ.