ಊಟ ನೋಡಲು ಬರುವ ವೈದ್ಯರು

ಕಾಯಿಲೆಯವರ ನಾಡಿ ಮುಟ್ಟುವ ಮೊದಲು ಅವರ ಊಟ ನೋಡಬೇಕೆಂದು ಹಟ ಹಿಡಿಯುವ ವೈದ್ಯರನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಹೊಟ್ಟೆನೋವೆಂದು ಹೋದವರಿಗೆ ಅವರು ಮೊದಲ ದಿನ ಔಷಧಿ ಕೊಡುತ್ತಿರಲಿಲ್ಲ, ನಾಲಗೆ ಚಾಚಿ ಎನ್ನುತ್ತಿರಲಿಲ್ಲ. ನಾಳೆ ಮಧ್ಯಾಹ್ನ ಊಟ ಎಷ್ಟು ಹೊತ್ತಿಗೆ, ಎಲ್ಲಿ ಎಂದಷ್ಟೇ ಕೇಳಿ ಚೀಟಿಯಲ್ಲಿ ಬರೆದುಕೊಂಡು, ಮರುದಿನ ಸರಿಯಾಗಿ ಆ ಹೊತ್ತಿಗೆ ಆ ಮನೆಗೋ ಅಂಗಡಿಗೋ ಕಚೇರಿಗೋ ಹೋಗಿ, ಉಣ್ಣುವವರ ಎದುರಿಗೆ ಒಂದು ಸ್ಟೂಲು ಎಳೆದುಕೊಂಡು, ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟು ಕುಳಿತುಬಿಡುತ್ತಿದ್ದರು. ತುತ್ತು ಕೊಟ್ಟರೆ ಮುಟ್ಟುತ್ತಿರಲಿಲ್ಲ, ಮಾತಾಡಿಸಿದರೆ ಆಡುತ್ತಿರಲಿಲ್ಲ. ಉಂಡವರು ಕೈ ತೊಳೆದು ಬಂದ ಮೇಲೆ ಗಂಟಲು ಸರಿಮಾಡಿಕೊಂಡು ತಮ್ಮ ಒಂದೇ ಒಂದು ಪ್ರಶ್ನೆಯನ್ನು ಮುಂದಿಡುತ್ತಿದ್ದರು: "ಈಗ ಉಂಡಿದ್ದು ಹಸಿವಿಗಾ, ಹೊತ್ತಿಗಾ?"

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಗಡಿಯಾರ ಒಂದು ಹೊಡೆಯಿತೆಂದು ಉಂಡವರು, ಡಬ್ಬಿ ತಂದಿದ್ದೇನಲ್ಲ ಎಂದು ಉಂಡವರು, ಹೆಂಡತಿ ಬೇಸರ ಮಾಡಿಕೊಳ್ಳುತ್ತಾಳೆಂದು ಉಂಡವರು, ಎಲ್ಲರೂ ತಲೆ ಕೆರೆದುಕೊಂಡವರೇ. ಆಡಿಕೊಳ್ಳುವ ಬಾಯಿಗೆ ಬೀಗ ಎಲ್ಲಿದೆ? ವೈದ್ಯರಿಗೆ ಕಂಡವರ ಮನೆಯ ಊಟದ ಮೇಲೆ ಕಣ್ಣು ಎಂದು ಶುರುವಿನಲ್ಲಿ ಗುಸುಗುಸು ಇತ್ತಂತೆ. ಒಬ್ಬ ಬ್ಯಾಂಕಿನ ಮ್ಯಾನೇಜರರಂತೂ ಮುಖದ ಮೇಲೆ ಹೊಡೆದ ಹಾಗೆ, "ಊಟ ಬೇಕಿದ್ರೆ ಬಾಯ್ಬಿಟ್ಟು ಕೇಳಿ ಸ್ವಾಮಿ, ಹೀಗೆ ದಿಟ್ಟಿಸಿ ನೋಡ್ಬೇಡಿ" ಎಂದುಬಿಟ್ಟರು. ವೈದ್ಯರು ಕದಲಲಿಲ್ಲ. ಮ್ಯಾನೇಜರರು ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದರು. ಅಷ್ಟನ್ನು ಬಿಡಿಸುವುದಕ್ಕೆ ವೈದ್ಯರಿಗೆ ಮೂರು ವಾರ ಬೇಕಾಯಿತು. ನಾಲ್ಕನೆಯ ವಾರ ಅದೇ ಮ್ಯಾನೇಜರರು ತಮ್ಮ ಅತ್ತೆಯನ್ನೂ ಕರೆದುಕೊಂಡು ಬಂದರು.

ಎತ್ತರದ ಆಳು. ಬೂದುಬಣ್ಣದ ಉಣ್ಣೆಯ ಕೋಟು, ಬಿಸಿಲಿಗೂ ಅದೇ, ಚಳಿಗೂ ಅದೇ. ಬಲಜೇಬಿನಲ್ಲಿ ಒಣಶುಂಠಿಯ ತುಂಡುಗಳೂ ಸೈಂಧವ ಲವಣದ ಪೊಟ್ಟಣವೂ ಸದಾ ಇರುತ್ತಿದ್ದವು. ಎಡಜೇಬು ಸದಾ ಖಾಲಿ. ಒಮ್ಮೆ ನಾನು ಕಾರಣ ಕೇಳಿದ್ದಕ್ಕೆ, ಹೊಟ್ಟೆಯಲ್ಲಿ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಉಳಿದ ಕಾಲು ಗಾಳಿಯಾಡುವುದಕ್ಕೆಂದು ಶಾಸ್ತ್ರ ಹೇಳುತ್ತದೆ, ಒಂದಿಷ್ಟು ಜಾಗ ಖಾಲಿ ಬಿಡುವುದನ್ನು ಮರೆಯಬಾರದೆಂದು ಈ ಜೇಬು ಎಂದರು. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂಬ ಮಾತನ್ನು ಅವರು ಅಕ್ಷರಶಃ ಹಿಡಿದಿದ್ದರು. ಸಂಜೆಯೂಟ ಮುಗಿಸಿ ಬೀದಿಗಿಳಿದರೆ ತುಟಿ ಅಲುಗಿಸುತ್ತ ಎಣಿಸಿಕೊಂಡೇ ನಡೆಯುವುದು. ಯಾರಾದರೂ ನಮಸ್ಕಾರವೆಂದರೆ ತೋರುಬೆರಳೆತ್ತಿ, ತಾಳಿ, ಲೆಕ್ಕ ತಪ್ಪುತ್ತದೆ ಎಂಬಂತೆ ತಡೆಯುವುದು. ಎದುರುಮನೆಯ ದರ್ಜಿ ಹೊಲಿಗೆಯಂತ್ರದ ಹಿಂದಿನಿಂದ, "ವೈದ್ಯರು ಎಷ್ಟರಲ್ಲಿದ್ದಾರಪ್ಪಾ?" ಎಂದು ಕೂಗಿದರೆ ಪಕ್ಕದ ಅಂಗಡಿಯಿಂದ ಯಾರೋ, "ಅರವತ್ತು ದಾಟಿದ್ರು, ಬಂದ್ರು ನೋಡಿ" ಎನ್ನುತ್ತಿದ್ದರು. ನಮ್ಮ ಬೀದಿಯ ಸಂಜೆ ಆಗುತ್ತಿದ್ದದ್ದೇ ಹಾಗೆ.

ನಾನು ಅವರ ಕೈಗೆ ಸಿಕ್ಕಿದ್ದು ಎದೆಯುರಿಯಿಂದ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಪೆನ್ಸಿಲು. ವೈದ್ಯರು ಬಂದು ನನ್ನ ಮೇಜಿನ ಆಚೆ ಕುಳಿತರು. ಡಬ್ಬಿ ಖಾಲಿಯಾಯಿತು, ಎರಡು ಪುಟವೂ ಮುಗಿಯಿತು, ಒಳ್ಳೆಯ ಕೆಲಸವಾಯಿತೆಂದು ನಾನು ಹೆಮ್ಮೆಯಿಂದ ತಲೆಯೆತ್ತಿದೆ. ಅಂದು ಮಾತ್ರ ಅವರು ಮೊದಲು ಬೇರೆಯೇ ಕೇಳಿದರು.

"ಏನ್ ತಿಂದ್ರಿ?"

ನನಗೆ ಹೊಳೆಯಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ಹಳದಿ ಬಣ್ಣ ನೋಡಿ ಬೇಳೆ ಇರಬೇಕೆಂದು ಊಹೆ ಮಾಡಿ ಹೇಳಿದೆ.

"ಅದು ಕುಂಬಳಕಾಯಿ" ಎಂದರು ವೈದ್ಯರು. "ನೀವು ಊಟ ಮಾಡ್ಲಿಲ್ಲ, ಓದಿದ್ರಿ. ಹೊಟ್ಟೆಗೆ ಅಕ್ಷರ ಹೋಯ್ತು, ಅದು ಹೇಗೆ ಅರಗುತ್ತೆ?"

ಔಷಧಿಯೆಂದು ಅವರು ಕೊಟ್ಟದ್ದು ಒಂದು ಪೊಟ್ಟಣ ಚೂರ್ಣ. ಆದರೆ ನನ್ನನ್ನು ನೆಟ್ಟಗೆ ಮಾಡಿದ್ದು ಅದಲ್ಲ, ಊಟದ ಹೊತ್ತಿಗೆ ಕಾಗದಗಳನ್ನು ಬೋರಲು ಹಾಕಬೇಕೆಂಬ ಅವರ ಕಟ್ಟಪ್ಪಣೆ. ಜಠರಾಗ್ನಿಯ ಮೇಲೆ ಅವರಿಗೆ ಸಾಕುಪ್ರಾಣಿಯ ಮೇಲಿರುವಂಥ ಮಮತೆ. ಅದು ಮಂದವಾಗಿದೆ, ಅದಕ್ಕೆ ಸಿಟ್ಟು ಬಂದಿದೆ, ಪಾಪ ಅದು ಬೆಳಗಿನಿಂದ ಕಾಯುತ್ತಿದೆ ಎಂದೆಲ್ಲ ಮಾತಾಡುವರು. ಆದರೂ ತಮ್ಮ ವಿದ್ಯೆಯ ಎಲ್ಲೆ ಅವರಿಗೆ ಗೊತ್ತಿತ್ತು. ಮೈ ಇಳಿಯುತ್ತಿದೆ, ರಕ್ತ ಬೀಳುತ್ತಿದೆ ಎಂದವರನ್ನು ಕೂರಲೂ ಬಿಡದೆ, "ಇದು ನನ್ನ ಕೈಲಿ ಆಗೋದಲ್ಲ, ಈಗ್ಲೇ ಆಸ್ಪತ್ರೆಗೆ ಹೊರಡಿ" ಎಂದು ಬಾಗಿಲವರೆಗೆ ತಾವೇ ಬಂದು ಕಳಿಸುತ್ತಿದ್ದರು.

ಚಿಕಿತ್ಸಾಲಯದ ಮೇಲಿನ ಮಹಡಿ ಅವರ ಹೆಂಡತಿಯದು. ಬೀದಿಗೆಲ್ಲ ಅವರು ಯೋಗದಮ್ಮ. ಗಂಡ ಕೆಳಗೆ ಊಟ ತಿದ್ದಿ ಕಳಿಸಿದವರನ್ನು ಈಕೆ ಮೇಲೆ ಚಾಪೆಯ ಮೇಲೆ ತಿದ್ದುತ್ತಿದ್ದರು: ಉಂಡ ಮೇಲೆ ಹತ್ತು ನಿಮಿಷ ವಜ್ರಾಸನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಂಡಿಯನ್ನು ಎದೆಗೊತ್ತಿಕೊಳ್ಳುವ ಪವನಮುಕ್ತಾಸನ, ಹೊಟ್ಟೆ ಏರಿಳಿಯುವಂತೆ ನಿಧಾನ ಉಸಿರಾಟ. ಪವನ ನಿಜಕ್ಕೂ ಮುಕ್ತವಾದಾಗ ನಾಚಿಕೊಂಡವರಿಗೆ, "ಒಳಗಿದ್ದು ಗುದ್ದೋದಕ್ಕಿಂತ ಹೊರಗೆ ಬಂದು ನಗಿಸೋದು ವಾಸಿ ಅಲ್ವೇನ್ರಿ?" ಎಂದು ಅವರೇ ಮೊದಲು ನಗುವರು. ಆಮೇಲೆ ಇಡೀ ಮಹಡಿ ನಗುತ್ತಿತ್ತು. ಬೆಳಗ್ಗೆಯಿಂದ ಮಧ್ಯಾಹ್ನ ಎರಡರವರೆಗೂ ಅವರಿಗೆ ಬಿಡುವಿರಲಿಲ್ಲ.

ಎಲ್ಲ ಸುಖವಾಗಿಯೇ ನಡೆದಿದ್ದ ಒಂದು ಸಂಜೆ ವೈದ್ಯರು ನಲವತ್ತನೆಯ ಹೆಜ್ಜೆಗೇ ದೀಪದ ಕಂಬ ಹಿಡಿದು ನಿಂತರು. ದರ್ಜಿ ಹೊಲಿಗೆ ನಿಲ್ಲಿಸಿದ. ವೈದ್ಯರು ಬೆರಳೆತ್ತಿ, ಏನಿಲ್ಲವೆಂದು ಸನ್ನೆ ಮಾಡಿ, ಹಿಂದಿರುಗಿಬಿಟ್ಟರು. ಅವತ್ತಿನಿಂದ ನಾನು ಗಮನಿಸತೊಡಗಿದೆ. ಕರಡು ತಿದ್ದುವವನ ಕಣ್ಣಿಗೆ ಸರಿಯಾದದ್ದು ಕಾಣುವುದಿಲ್ಲ, ತಪ್ಪು ಮಾತ್ರ ಕಾಣುತ್ತದೆ. ಕೋಟಿನ ಗುಂಡಿಗಳನ್ನು ಎರಡು ಬೆರಳು ಒಳಕ್ಕೆ ಸರಿಸಿ ಹೊಲಿಸಿದ್ದರು. ಎಂದೂ ಖಾಲಿಯಿರುತ್ತಿದ್ದ ಎಡಜೇಬು ಉಬ್ಬಿಕೊಂಡಿತ್ತು, ಅದರೊಳಗಿಂದ ಚೂರ್ಣದ ಸೀಸೆಯ ಮುಚ್ಚಳ ಇಣುಕುತ್ತಿತ್ತು.

ಆ ದಿನಗಳಲ್ಲಿ ಅವರು ಕಾಯಿಲೆಯವರಿಗೆ ಹಂಚಲೆಂದು ಊಟದ ನಿಯಮಗಳ ಒಂದು ಸಣ್ಣ ಹಾಳೆ ಅಚ್ಚು ಹಾಕಿಸುತ್ತಿದ್ದರು. ಕರಡು ನೋಡುವುದು ನನ್ನ ಪಾಲಿಗೆ ಬಂದಿತ್ತು. ತಿದ್ದಿದ ಹಾಳೆಯನ್ನು ಕೊಟ್ಟುಬರೋಣವೆಂದು ಒಂದು ದಿನ ಹನ್ನೊಂದರ ಸುಮಾರಿಗೆ ಚಿಕಿತ್ಸಾಲಯಕ್ಕೆ ಹೋದೆ. ಮುಂದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆ ಸರಿಸಿ ಹಿಂದಿನ ಕೋಣೆಗೆ ಕಾಲಿಟ್ಟೆ. ವೈದ್ಯರು ಸೀಸೆಗಳ ಕಪಾಟಿಗೆ ಆತುಕೊಂಡು, ಕೋಟು ತೊಟ್ಟೇ ನಿಂತು, ಒಂದು ಕಣ್ಣು ಗೋಡೆಯ ಗಡಿಯಾರದ ಮೇಲಿಟ್ಟು, ಅಗಿಯದೆ, ಉಸಿರು ಬಿಡದೆ, ಡಬ್ಬಿಯ ಅನ್ನವನ್ನು ಒಳಕ್ಕೆ ತಳ್ಳುತ್ತಿದ್ದರು. ನನ್ನ ಕೈಯಲ್ಲಿದ್ದ ಹಾಳೆಯ ಮೊದಲನೆಯ ನಿಯಮ, ನಿಂತುಕೊಂಡು ಉಣ್ಣಬಾರದು. ಎರಡನೆಯದು, ಹಸಿವಾಗುವ ಮುನ್ನ ಉಣ್ಣಬಾರದು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹಾಳೆಯನ್ನು ಬೋರಲು ಹಿಡಿದುಕೊಂಡೆ.

ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಡಬ್ಬಿಯ ಮುಚ್ಚಳ ಹಾಕಿದರು. "ಒಂದು ಗಂಟೆಗೆ ಎಲ್ರೂ ಊಟಕ್ಕೆ ಕೂರ್ತಾರೆ ನೋಡಿ. ಆಗ ನಾನು ಅಲ್ಲಿರ್ಬೇಕು. ದೂರದೂರದ ಮನೆಗಳು. ಅದಕ್ಕೇ ಬೇಗ ಮುಗಿಸ್ಕೊಂಡ್‌ಬಿಡ್ತೀನಿ."

"ಎಷ್ಟು ದಿನದಿಂದ?"

"ದಿನ ಏನು ಬಂತು... ಮೂವತ್ತು ವರ್ಷ ಆಯ್ತು."

ಕುಳಿತು ಸಾವಕಾಶವಾಗಿ ಹೇಳಿದರು. ವರ್ಷದಿಂದ ಉಂಡದ್ದು ಅರಗುತ್ತಿಲ್ಲ, ನೋವು ಬೆನ್ನಿಗೂ ಹರಿಯುತ್ತಿದೆ. ದೊಡ್ಡಾಸ್ಪತ್ರೆಗೆ ಗುಟ್ಟಾಗಿ ಹೋಗಿ ಎಲ್ಲ ಪರೀಕ್ಷೆ ಮಾಡಿಸಿದ್ದಾರೆ. ಕೆಟ್ಟದ್ದೇನೂ ಇಲ್ಲ, ಊಟದ ಕ್ರಮ ಸರಿಪಡಿಸಿಕೊಳ್ಳಿ ಎಂದು ಅಲ್ಲಿನ ಹುಡುಗಿ ಡಾಕ್ಟರು ಇವರಿಗೇ ಬುದ್ಧಿ ಹೇಳಿ ಕಳಿಸಿದ್ದಾಳೆ. ಆ ಅವಮಾನ ಅವರಿಗೆ ನೋವಿಗಿಂತ ಹೆಚ್ಚಾಗಿತ್ತು. "ತನ್ನ ಹೊಟ್ಟೆ ಕಾಯೋಕೆ ಬರದವನು ಊರಿನವರ ಹೊಟ್ಟೆ ನೋಡ್ತೀನಿ ಅಂತ ಹೋಗೋದು ಮೋಸ. ಈ ತಿಂಗಳ ಕೊನೆಗೆ ಬೋರ್ಡು ಇಳಿಸ್ತೀನಿ. ಹಾಳೆ ಅಚ್ಚಾಗೋದು ಬೇಡ" ಎಂದರು. ಬಾಗಿಲವರೆಗೆ ಬಂದು ನನ್ನ ತೋಳು ಹಿಡಿದು, "ನೋಡಿದ್ದನ್ನ ಹೊಟ್ಟೆಗೆ ಹಾಕ್ಕೊಂಡ್‌ಬಿಡಿ. ಮೇಲೆ ನಮ್ಮವಳಿಗೆ ಹೇಳ್ಬೇಡಿ" ಎಂದು ಬೇಡಿಕೊಂಡರು. ಆಗಲಿ ಎಂದೆ.

ಎರಡು ದಿನ ಹೊಟ್ಟೆಗೆ ಹಾಕಿಕೊಂಡೇ ಇದ್ದೆ. ವೈದ್ಯರು ಗುಣಪಡಿಸಿದ್ದ ನನ್ನ ಎದೆಯುರಿ ಮೂರನೆಯ ದಿನ ತಿರುಗಿ ಬಂತು. ಅವರಿಲ್ಲದ ಬೀದಿ, ಎಷ್ಟರಲ್ಲಿದ್ದಾರೆಂದು ಯಾರೂ ಕೂಗದ ಸಂಜೆ, ಇದನ್ನು ನೆನೆಸಿಕೊಂಡರೆ ಸಂಕಟವಾಗುತ್ತಿತ್ತು. ಕೊಟ್ಟ ಮಾತು ಮುರಿದು ಮಹಡಿ ಹತ್ತಿ ಯೋಗದಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಸುತ್ತುತ್ತಿದ್ದ ಚಾಪೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಕೇಳಿದರು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಸಿಡುಕಿದರು. ಮರುಕ್ಷಣವೇ ಕಣ್ಣು ಒರೆಸಿಕೊಂಡರು. "ಬೆಳಗ್ಗೆ ಎದ್ದು ಡಬ್ಬಿ ತುಂಬಿಸಿದವಳು ನಾನೇ. ಅದು ಖಾಲಿಯಾಗಿ ಬರುತ್ತಲ್ಲ, ಅಷ್ಟೇ ಸಾಕು ಅಂದ್ಕೊಂಡಿದ್ದೆ."

ಮರುದಿನ ಯೋಗದಮ್ಮ ಹನ್ನೊಂದರ ತರಗತಿ ನಡೆಸಲಿಲ್ಲ. ನೀವೂ ಬನ್ನಿ, ಮಾತು ಮುರಿದವರು ಮುಖ ತೋರಿಸಬೇಕು ಎಂದು ಅವರು ನನ್ನನ್ನು ಎಳೆದುಕೊಂಡು ಹೋದರು. ಪರದೆಯ ಹಿಂದೆ ವೈದ್ಯರು ಆಗಲೇ ಡಬ್ಬಿ ತೆರೆದು ನಿಂತಿದ್ದರು. ಯೋಗದಮ್ಮ, ಗಂಡ ಮನೆಮನೆಯಲ್ಲಿ ಮಾಡುತ್ತಿದ್ದಂತೆಯೇ, ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕುಳಿತು, ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟು ನೋಡತೊಡಗಿದರು. ವೈದ್ಯರು ನನ್ನತ್ತ ಒಂದು ನೋಟ ಬಿಸಾಡಿದರು. ನಾನು ನೆಲ ನೋಡಿದೆ. ಎತ್ತಿದ ತುತ್ತು ಅರ್ಧಕ್ಕೇ ನಿಂತಿತು. ವೈದ್ಯರು ಅದನ್ನು ಡಬ್ಬಿಗೇ ಬಿಟ್ಟು, ಕೈ ಒರೆಸಿಕೊಂಡು, ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ಕುರ್ಚಿಯ ಮೇಲೆ ಕುಳಿತರು. ಕೋಟಿಲ್ಲದ ವೈದ್ಯರನ್ನು ನಾನು ಕಂಡದ್ದು ಅದೇ ಮೊದಲು, ಎಷ್ಟು ಸಣ್ಣಗಾಗಿದ್ದರು!

"ಈಗ ಉಣ್ಣೋಕೆ ಹೊರಟಿದ್ದು ಹಸಿವಿಗಾ, ಹೊತ್ತಿಗಾ?" ಎಂದು ಕೇಳಿದರು ಯೋಗದಮ್ಮ.

ಆ ಪ್ರಶ್ನೆಯನ್ನು ಸಾವಿರ ಜನಕ್ಕೆ ಕೇಳಿದ್ದ ಮನುಷ್ಯ ತಲೆ ಕೆರೆದುಕೊಂಡರು. "ಎರಡೂ ಅಲ್ಲ ಕಣೇ" ಎಂದರು ಕೊನೆಗೆ. "ಅಲ್ಲಿ ಯಾರೋ ಕಾಯ್ತಾ ಇರ್ತಾರೆ ಅನ್ನೋ ಅವಸರಕ್ಕೆ."

"ಅವ್ರು ಅರ್ಧ ಗಂಟೆ ಕಾಯ್ಲಿ. ಹಸಿವು ಇನ್ನೂ ಚೆನ್ನಾಗಿ ಆಗುತ್ತೆ. ಬೋರ್ಡು ಎಲ್ಲಿದೆಯೋ ಅಲ್ಲೇ ಇರ್ಲಿ" ಎಂದು ಯೋಗದಮ್ಮ ಡಬ್ಬಿಯನ್ನು ಮುಚ್ಚಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಹನ್ನೆರಡೂವರೆಗೆ ಹಸಿವಾಯಿತೆಂದು ವೈದ್ಯರು ತಾವಾಗಿಯೇ ಹೇಳಿದ ಮೇಲಷ್ಟೇ ಅದು ತಿರುಗಿ ತೆರೆಯಿತು.

ಊಟ ನೋಡುವ ಹೊತ್ತು ಒಂದರಿಂದ ಒಂದೂವರೆಗೆ ಸರಿಯಿತು. ಊರಿನ ಒಂದು ಹೊಟ್ಟೆಯೂ ತಕರಾರು ಮಾಡಲಿಲ್ಲ. ಹನ್ನೆರಡೂವರೆಗೆ ಮಹಡಿಯ ತರಗತಿಗೂ ಬಿಡುವು, ಹಿಂದಿನ ಕೋಣೆಯಲ್ಲಿ ಎರಡು ತಟ್ಟೆ, ಮಜ್ಜಿಗೆಯ ಎರಡು ಲೋಟ, ಆಮೇಲೆ ಇಬ್ಬರೂ ಚಾಪೆಯ ಮೇಲೆ ಹತ್ತು ನಿಮಿಷ ವಜ್ರಾಸನ. ಹಾಳೆಯೂ ಅಚ್ಚಾಯಿತು. ಕೊನೆಯ ಗಳಿಗೆಯಲ್ಲಿ ವೈದ್ಯರು ತಮ್ಮ ಕೈಯಿಂದಲೇ ಒಂದು ನಿಯಮ ಸೇರಿಸಿದ್ದರು: ಆದಷ್ಟು ಯಾರಾದರೊಬ್ಬರ ಎದುರು ಕುಳಿತು ಉಣ್ಣಿ. ಅದರಲ್ಲಿ ತಿದ್ದುವುದಕ್ಕೆ ನನಗೇನೂ ಸಿಗಲಿಲ್ಲ. ಮೂರು ತಿಂಗಳಿಗೆ ಕೋಟಿನ ಗುಂಡಿಗಳನ್ನು ಮೊದಲಿನ ಜಾಗಕ್ಕೆ ಹೊಲಿದುಕೊಟ್ಟ ದರ್ಜಿ, ಅದಕ್ಕೆ ಕೂಲಿ ಬೇಡವೆಂದನಂತೆ. ಅಂದು ಸಂಜೆ ಅವನು ಕೂಗಿದ ಪ್ರಶ್ನೆಗೆ ವೈದ್ಯರು ಮೊಟ್ಟಮೊದಲ ಬಾರಿಗೆ ತಾವೇ, "ತೊಂಬತ್ತೆಂಟು" ಎಂದು ನಡೆಯುತ್ತಲೇ ಉತ್ತರ ಕೊಟ್ಟರು. ಎಡಜೇಬು ಖಾಲಿಯಾಗಿ ಗಾಳಿಗೆ ಅಲುಗುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಗಾದೆ. ಊಟವನ್ನು ನಮ್ಮ ವೈದ್ಯರಷ್ಟು ಬಲ್ಲವರು ಯಾರಿದ್ದರು? ಪರರ ಯೋಗಕ್ಷೇಮಕ್ಕೆಂದು ಹಗಲೆಲ್ಲ ತಿರುಗುವ ಈ ಜಾತಿಯ ಜನ ಎಲ್ಲ ಊರಿನಲ್ಲಿಯೂ ಇದ್ದಾರೆ. ತಮಗೆ ತಿಳಿದದ್ದೆಲ್ಲ ತಮಗೂ ಅನ್ವಯಿಸುತ್ತದೆಂಬುದೊಂದೇ ಅವರಿಗೆ ತಿಳಿಯದು. ಉಪದೇಶ ಅವರಿಗೆ ನಾಟುವುದಿಲ್ಲ, ಅದು ಅವರದೇ ಸರಕು. ಅವರೆದುರಿಗೆ ಒಂದು ಸ್ಟೂಲು ಎಳೆದುಕೊಂಡು ಯಾರಾದರೂ ಸುಮ್ಮನೆ ಕೂರಬೇಕು.